ಮೀನು, ಅಕ್ಕಿ ಮೊದಲಾದ ಆಹಾರಗಳಲ್ಲಿನ ಪಾಷಾಣ: ಅದರ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಕ್ರಮ

ಪಾಷಾಣವೆಂಬ ಹೆಸರು ಕಿವಿಗೆ ಬಿದ್ದ ಮಾತ್ರಕ್ಕೆ ಜನರು ಭಯಪಡುವುದು ಸಹಜವೇ ಆಗಿದೆ. ಹರಿತಾಳ, ಮನಶ್ಶಿಲೆ, ಬಿಳಿಯ ಪಾಷಾಣ ಇವುಗಳ ವಿಷಗುಣವು ಈ ದೇಶದವರಿಗೆ ಪುರಾತನಕಾಲದಿಂದಲೂ ತಿಳಿದದ್ದಾಗಿದೆ. ಈ ಮೂರಕ್ಕೂ ಆಧಾರವಾದ ಮೂಲವಸ್ತುವನ್ನು ರಸಾಯನಶಾಸ್ತ್ರಜ್ಞರು ಆರ್ಸೆನಿಕ್ ಎಂದು ಕರೆಯುತ್ತಾರೆ. ಶಿರೂರಿನಿಂದ ಹಂಗಾರಕಟ್ಟೆಯವರೆಗಿನ ಕಡಲಂಚಿನಲ್ಲಿ ದಿನಂಪ್ರತಿ ದಡಕ್ಕೆ ಬರುವ ಬಂಗುಡೆ, ಬೂತಾಯಿ, ಸಿಗಡಿ, ಏಡಿ ಮೊದಲಾದವುಗಳಲ್ಲೆಲ್ಲ ಈ ವಸ್ತುವು ಸ್ವಾಭಾವಿಕವಾಗಿಯೇ ಇರುತ್ತದೆಂದರೆ ಅನೇಕರು ನಂಬಲಾರರು. ನಂಬಿದವರು ಮೀನನ್ನೇ ಬಿಡಬೇಕೆನ್ನುವರು. ಈ ಎರಡೂ ಸರಿಯಲ್ಲ.

ಒಂದು ಉದಾಹರಣೆಯಿಂದ ವಿಷಯವು ಸ್ಪಷ್ಟವಾದೀತು. ಪ್ರಯೋಗಶಾಲೆಯಿಂದ ಎರಡು ವರದಿಗಳು ಬಂದಿವೆಯೆಂದಿಟ್ಟುಕೊಳ್ಳಬಹುದು. ಒಂದರಲ್ಲಿ ಸಿಗಡಿಯ ಕಿಲೋಗ್ರಾಮಿಗೆ 12 ಮಿಲಿಗ್ರಾಂ ಆರ್ಸೆನಿಕ್ ಇದೆಯೆಂದೂ, ಇನ್ನೊಂದರಲ್ಲಿ ಅಕ್ಕಿಯ ಕಿಲೋಗ್ರಾಮಿಗೆ 0.30 ಮಿಲಿಗ್ರಾಂ ಇದೆಯೆಂದೂ ಬರೆದಿದೆ. ಸಿಗಡಿಯ ಅಂಕಿಯು ಅಕ್ಕಿಯದಕ್ಕಿಂತ ನಲವತ್ತು ಮಡಿ ದೊಡ್ಡದು. ಇವೆರಡರಲ್ಲಿ ಯಾವುದನ್ನು ಸಂಶಯದಿಂದ ನೋಡತಕ್ಕದ್ದೆಂದು ಕೇಳಿದರೆ ಸಾಮಾನ್ಯವಾಗಿ ಎಲ್ಲರೂ ಸಿಗಡಿಯನ್ನೇ ತೋರಿಸುವರು. ವಾಸ್ತವದಲ್ಲಿ ಸಿಗಡಿಯು ಊಟಕ್ಕೆ ಯೋಗ್ಯವಾಗಿಯೇ ಇರುವ ಸಂಭವವು ಹೆಚ್ಚು; ಮುಂದಿನ ವಿಚಾರಣೆಯು ನಡೆಯತಕ್ಕದ್ದು ಅಕ್ಕಿಯ ವಿಷಯದಲ್ಲಿ. ಇದಕ್ಕೆ ಕಾರಣವೇನೆಂದರೆ, ಎರಡು ವರದಿಗಳೂ ಆರ್ಸೆನಿಕ್ಕಿನ ಒಟ್ಟು ಮೊತ್ತವನ್ನು ಮಾತ್ರ ಹೇಳಿವೆಯೇ ಹೊರತು ಅದು ಯಾವ ರೂಪದಲ್ಲಿದೆಯೆಂಬುದನ್ನು ಹೇಳಿಲ್ಲ. ರೂಪವನ್ನು ತಿಳಿಯದೆ ಮೊತ್ತವೊಂದರಿಂದಲೇ ಅಪಾಯವನ್ನು ನಿರ್ಣಯಿಸುವುದು ಅಸಾಧ್ಯ.

ಈ ಭೇದವನ್ನು ಊರಿನ ಮುಖ್ಯಸ್ಥರೂ ಜಮೀನುದಾರರೂ ತಿಳಿದಿರುವುದು ಅಗತ್ಯ. ವರದಿಯ ಅಂಕಿಯೊಂದನ್ನು ಹಿಡಿದು ಹಬ್ಬಿದ ಸುದ್ದಿಯಿಂದ ಮೀನುಗಾರರ ವಾರದ ಗಳಿಕೆಯೇ ಹಾಳಾಗಬಹುದು. ಇದಕ್ಕಿಂತ ಕೆಟ್ಟದ್ದೆಂದರೆ, ಎಲ್ಲರ ಕಣ್ಣೂ ಮೀನಿನ ಮೇಲಿರುವಾಗ ನಿಜವಾದ ವಿಷವುಳ್ಳ ಕೊಳವೆಬಾವಿಯೊಂದರ ನೀರನ್ನು ಮಕ್ಕಳು ವರ್ಷಗಟ್ಟಲೆ ಕುಡಿಯುತ್ತಿರಬಹುದು.

ಪಾಷಾಣದ ಬಗೆಗಳು.— ಆಹಾರದಲ್ಲಿ ದೊರೆಯುವ ಆರ್ಸೆನಿಕ್ಕನ್ನು ಸ್ಥೂಲವಾಗಿ ನಿರವಯವ, ಸಾವಯವ ಎಂದು ಎರಡಾಗಿ ವಿಂಗಡಿಸುವುದು ರೂಢಿ. ಇಲ್ಲಿ ಸಾವಯವವೆಂದರೆ ಸಗಣಿಗೊಬ್ಬರ, ಹಸುರೆಲೆಗೊಬ್ಬರಗಳಿಂದ ಬೆಳೆದದ್ದೆಂಬ ಅರ್ಥವಲ್ಲ. ಆರ್ಸೆನಿಕ್ಕಿನ ಕಣವು ಇಂಗಾಲದ ಕಣಗಳೊಡನೆ ನೇರವಾಗಿ ಬೆಸೆದುಕೊಂಡಿದೆಯೆಂದಷ್ಟೇ ಅರ್ಥ. ನಿರವಯವ ವರ್ಗದಲ್ಲಿ ಆರ್ಸೆನೈಟ್, ಆರ್ಸೆನೇಟ್ ಎಂಬ ಎರಡು ರೂಪಗಳುಂಟು. ಬಿಳಿಯ ಪಾಷಾಣವು ನೀರಿನಲ್ಲಿ ಕರಗಿದಾಗ ಆಗುವುದು ಆರ್ಸೆನೈಟ್. ಅದು ಆಮ್ಲಜನಕದೊಡನೆ ಇನ್ನಷ್ಟು ಕೂಡಿದರೆ ಆರ್ಸೆನೇಟ್. ಇವೆರಡೂ ವಿಷಗಳೇ. ಸ್ವಲ್ಪ ಸ್ವಲ್ಪವಾಗಿ ಬಹುಕಾಲ ದೇಹವನ್ನು ಸೇರಿದರೆ ಚರ್ಮ, ಶ್ವಾಸಕೋಶ, ಮೂತ್ರಕೋಶಗಳಲ್ಲಿ ಅರ್ಬುದರೋಗವನ್ನು ಉಂಟುಮಾಡತಕ್ಕವುಗಳೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯವರು ಇವನ್ನು ಮೊದಲನೆಯ ವರ್ಗಕ್ಕೆ ಸೇರಿಸಿದ್ದಾರೆ.

ಸಾವಯವ ವರ್ಗದಲ್ಲಿ ಪ್ರಧಾನವಾದದ್ದು ಆರ್ಸೆನೊಬೀಟೇನ್. ಸಮುದ್ರದ ಮೀನು, ಸಿಗಡಿ, ಏಡಿಗಳಲ್ಲಿರುವ ಆರ್ಸೆನಿಕ್ಕಿನ ಬಹುಭಾಗವು ಸಾಮಾನ್ಯವಾಗಿ ಈ ರೂಪದಲ್ಲಿಯೇ ಇರುತ್ತದೆ. ಇಲಿಗಳ ಮೇಲೆ ಮಾಡಿದ ಪರೀಕ್ಷೆಗಳಿಂದ ಎರಡು ರೂಪಗಳಿಗೂ ಇರುವ ಅಂತರವು ಗೊತ್ತಾಗುತ್ತದೆ. ದೇಹತೂಕದ ಕಿಲೋಗ್ರಾಮಿಗೆ ಸುಮಾರು 35 ಮಿಲಿಗ್ರಾಮಿನಷ್ಟು ಬಿಳಿಯ ಪಾಷಾಣವು ಅರ್ಧದಷ್ಟು ಸುಂಡಿಲಿಗಳನ್ನು ಕೊಲ್ಲಲು ಸಾಕಾಯಿತು. ಆರ್ಸೆನೊಬೀಟೇನನ್ನು 10,000 ಮಿಲಿಗ್ರಾಮಿನವರೆಗೆ ಕೊಟ್ಟರೂ ಅಂಥ ಪರಿಣಾಮವು ಕಾಣಲಿಲ್ಲ. ಮನುಷ್ಯನ ದೇಹವು ಅದನ್ನು ಮಾರ್ಪಡಿಸುವುದೂ ಇಲ್ಲ, ಹಿಡಿದಿಡುವುದೂ ಇಲ್ಲ. ಉಂಡ ಒಂದೆರಡು ದಿನಗಳಲ್ಲಿ ಬಹುಪಾಲು ಮೂತ್ರದ ಮೂಲಕ ಹೊರಟುಹೋಗುತ್ತದೆ.

ಇವೆರಡರ ನಡುವೆ ಮತ್ತೆ ಕೆಲವು ರೂಪಗಳಿವೆ. ಕಡಲಪಾಚಿಗಳಲ್ಲಿಯೂ ಅವನ್ನು ಸೋಸಿ ತಿನ್ನುವ ಚಿಪ್ಪುಜೀವಿಗಳಲ್ಲಿಯೂ ಸಕ್ಕರೆಯೊಡನೆ ಕೂಡಿದ ಆರ್ಸೆನಿಕ್ ಇರುತ್ತದೆ. ಬೂತಾಯಿಯಂಥ ಎಣ್ಣೆಮೀನುಗಳಲ್ಲಿ ಕೊಬ್ಬಿನೊಡನೆ ಕೂಡಿದ್ದು ಇರುತ್ತದೆ. ಅಕ್ಕಿಯಲ್ಲಿ ಡೈಮೀಥೈಲ್ ಆರ್ಸಿನಿಕ್ ಆಮ್ಲವೆಂಬ ರೂಪವು ಸಿಕ್ಕುತ್ತದೆ. ಇವನ್ನು ಆರ್ಸೆನೊಬೀಟೇನಿನಂತೆ ಸಂಪೂರ್ಣ ನಿರಪಾಯವೆಂದು ಹೇಳಕೂಡದು. ಕೊಬ್ಬಿನೊಡನೆ ಕೂಡಿದ ಕೆಲವು ಆರ್ಸೆನಿಕ್ ಪದಾರ್ಥಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವ ಜೀವಕೋಶಗಳಿಗೆ ಹಾನಿಮಾಡಿದ್ದುಂಟು. ಆದಕಾರಣ ‘ಮೀನಿನ ಪಾಷಾಣವೆಲ್ಲ ನಿರುಪದ್ರವಿ’ ಎಂದು ಸಾರುವವರ ಮಾತನ್ನೂ ತೂಗಿ ನೋಡತಕ್ಕದ್ದು.

ಮೀನಿಗೂ ಅಕ್ಕಿಗೂ ಅದು ಬರುವ ದಾರಿ.— ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು ಒಂದೂವರೆಯಿಂದ ಎರಡು ಮೈಕ್ರೋಗ್ರಾಂ ಆರ್ಸೆನಿಕ್ ಕರಗಿರುತ್ತದೆ. ಮೈಕ್ರೋಗ್ರಾಂ ಎಂದರೆ ಮಿಲಿಗ್ರಾಮಿನ ಸಾವಿರದಲ್ಲೊಂದು ಪಾಲು. ಅದು ಹೆಚ್ಚಾಗಿ ಆರ್ಸೆನೇಟ್ ರೂಪದಲ್ಲಿದ್ದು, ಗೊಬ್ಬರದ ರಂಜಕವನ್ನು ಬಹಳಮಟ್ಟಿಗೆ ಹೋಲುತ್ತದೆ. ಕಡಲಿನ ಸೂಕ್ಷ್ಮಪಾಚಿಯು ರಂಜಕವನ್ನು ಹೀರುವಾಗ ಇವೆರಡನ್ನೂ ಬೇರೆಮಾಡಲರಿಯದೆ ಆರ್ಸೆನೇಟನ್ನೂ ಒಳಕ್ಕೆ ತೆಗೆದುಕೊಳ್ಳುತ್ತದೆ. ಒಳಗೆ ಬಂದ ವಿಷವನ್ನು ಇಂಗಾಲದೊಡನೆ ಬೆಸೆದು ಸೌಮ್ಯಗೊಳಿಸುತ್ತದೆ. ಪಾಚಿಯನ್ನು ತಿಂದ ಹುಳು, ಹುಳುವನ್ನು ತಿಂದ ಸಿಗಡಿ, ಸಿಗಡಿಯನ್ನು ತಿಂದ ಮೀನು ಹೀಗೆ ಏರುತ್ತ ಹೋದಂತೆ ಆರ್ಸೆನೊಬೀಟೇನ್ ಸಂಗ್ರಹವಾಗುತ್ತದೆ. ಉಪ್ಪುನೀರಿನಲ್ಲಿ ದೇಹದ ನೀರನ್ನು ಕಾಪಾಡಿಕೊಳ್ಳಲು ಸಮುದ್ರಜೀವಿಗಳು ಬೀಟೇನ್ ಎಂಬ ಪದಾರ್ಥವನ್ನು ಶೇಖರಿಸುತ್ತವೆ. ಆರ್ಸೆನೊಬೀಟೇನ್ ರೂಪದಲ್ಲಿ ಅದರ ತಮ್ಮನಂತಿರುವುದರಿಂದ ಅದೂ ಜೊತೆಯಲ್ಲಿ ಉಳಿಯುತ್ತದೆ. ಸಿಹಿನೀರಿನ ಹೊಳೆಮೀನುಗಳಲ್ಲಿ ಆರ್ಸೆನಿಕ್ ಬಹಳ ಕಡಿಮೆಯಾಗಿಯೂ, ಕಡಲತಳದಲ್ಲಿ ಮೇಯುವ ನಂಗು, ತೊರಕೆ, ಸಿಗಡಿ, ಏಡಿಗಳಲ್ಲಿ ಹೆಚ್ಚಾಗಿಯೂ ಇರುವುದು ಸಾಮಾನ್ಯ.

ಗದ್ದೆಯಲ್ಲಿ ನಡೆಯುವುದು ಬೇರೆ ತೆರನಾದ ಕೆಲಸ. ಜಂಬಿಟ್ಟಿಗೆ ಮಣ್ಣಿನಲ್ಲಿರುವ ಕಬ್ಬಿಣದ ತುಕ್ಕು ಆರ್ಸೆನೇಟನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಮಣ್ಣು ಒಣಗಿ ಗಾಳಿಯಾಡುತ್ತಿರುವವರೆಗೆ ಅದು ಬೇರಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಬೈಲುಗದ್ದೆಯಲ್ಲಿ ನೀರು ನಿಂತು ಗಾಳಿಯು ತಪ್ಪಿದೊಡನೆ ಕಬ್ಬಿಣವು ಕರಗುತ್ತದೆ, ಹಿಡಿತವು ಸಡಿಲುತ್ತದೆ, ಆರ್ಸೆನೇಟ್ ಹೋಗಿ ಆರ್ಸೆನೈಟ್ ಆಗುತ್ತದೆ. ಆರ್ಸೆನೈಟ್ ಮರಳಿನ ಸಾರವಾದ ಸಿಲಿಕಾಮ್ಲವನ್ನು ಹೋಲುವುದು. ಭತ್ತದ ಗಿಡಕ್ಕೆ ಸಿಲಿಕಾ ಬಹಳವಾಗಿ ಬೇಕು. ಅದನ್ನು ಹೀರಲು ಬೇರಿನಲ್ಲಿರುವ ದ್ವಾರಗಳ ಮೂಲಕವೇ ಆರ್ಸೆನೈಟ್ ಒಳಹೋಗುತ್ತದೆಂದು 2008ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಇತರ ಧಾನ್ಯಗಳಿಗಿಂತ ಅಕ್ಕಿಯಲ್ಲಿ ಆರ್ಸೆನಿಕ್ ಹೆಚ್ಚಾಗಿರುವುದು ಈ ಕಾರಣದಿಂದ. ಸಮುದ್ರಜೀವಿಗಳಂತೆ ವಿಷವನ್ನು ಸೌಮ್ಯಗೊಳಿಸುವ ಶಕ್ತಿಯು ಭತ್ತದ ಗಿಡಕ್ಕಿಲ್ಲ. ಅಕ್ಕಿಯಲ್ಲಿ ಸಿಕ್ಕುವ ಡೈಮೀಥೈಲ್ ರೂಪವೂ ಮಣ್ಣಿನ ಸೂಕ್ಷ್ಮಜೀವಿಗಳು ಮಾಡಿಕೊಟ್ಟದ್ದೇ.

2005ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಭಾರತದ ಅಕ್ಕಿಯ ಮಾದರಿಗಳಲ್ಲಿದ್ದ ಆರ್ಸೆನಿಕ್ಕಿನ ನೂರರಲ್ಲಿ ಸುಮಾರು 81 ಪಾಲು ನಿರವಯವವಾಗಿಯೂ, ಅಮೇರಿಕದ ಅಕ್ಕಿಯಲ್ಲಿ ಸುಮಾರು 42 ಪಾಲು ಮಾತ್ರ ನಿರವಯವವಾಗಿಯೂ ಕಂಡುಬಂದವು. ಅಂದರೆ ಮೊತ್ತವು ಒಂದೇ ಆಗಿದ್ದರೂ ಎರಡು ಅಕ್ಕಿಗಳು ಒಂದೇ ಅಲ್ಲ.

ಮೇಲಿನ ಉದಾಹರಣೆಯ ಅಕ್ಕಿಯನ್ನು ಈಗ ಲೆಕ್ಕಹಾಕಬಹುದು. 0.30 ಮಿಲಿಗ್ರಾಮಿನಲ್ಲಿ ನೂರಕ್ಕೆ 80 ಪಾಲು ನಿರವಯವವಾದರೆ ಕಿಲೋಗ್ರಾಮಿಗೆ 0.24 ಆಯಿತು. ದಿನಕ್ಕೆ 400 ಗ್ರಾಂ ಅಕ್ಕಿಯ ಅನ್ನವನ್ನುಣ್ಣುವ ದುಡಿಮೆಗಾರನ ದೇಹಕ್ಕೆ ಅದರಿಂದ 96 ಮೈಕ್ರೋಗ್ರಾಂ ವಿಷರೂಪವು ಸೇರುವುದು; ಅದೂ ವರ್ಷದ 365 ದಿನಗಳೂ. ಸಿಗಡಿಯನ್ನಾದರೋ ಅದೇ ದಿನ 100 ಗ್ರಾಂ ತಿಂದನೆಂದರೆ 1,200 ಮೈಕ್ರೋಗ್ರಾಂ ಒಟ್ಟು ಆರ್ಸೆನಿಕ್ ಸೇರಿತು. ಅದರಲ್ಲಿ ನೂರಕ್ಕೊಂದು ಪಾಲು ನಿರವಯವವೆಂದು ಹಿಡಿದರೂ ಆಗುವುದು 12 ಮೈಕ್ರೋಗ್ರಾಂ. ಸಿಗಡಿಯಾದರೂ ದಿನಾ ಸಿಕ್ಕುವ ಪದಾರ್ಥವಲ್ಲ.

ಹಳೆಯ ಪರೀಕ್ಷೆಗಳು.— 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ಎಂಬವರು ಸತುವು ಮತ್ತು ಆಮ್ಲಗಳ ಸಹಾಯದಿಂದ ಆರ್ಸೆನಿಕ್ಕನ್ನು ಅನಿಲವಾಗಿ ಮಾಡಿ, ಕಾಯಿಸಿದ ಗಾಜಿನ ನಳಿಗೆಯಲ್ಲಿ ಕನ್ನಡಿಯಂತೆ ಹೊಳೆಯುವ ಲೇಪವಾಗಿ ಹಿಡಿಯುವ ಪರೀಕ್ಷೆಯನ್ನು ಕಂಡುಹಿಡಿದರು. ವಿಷಪ್ರಯೋಗದ ಮೊಕದ್ದಮೆಗಳಲ್ಲಿ ಇದು ಬಹುಕಾಲ ಪ್ರಮಾಣವಾಗಿತ್ತು. 1900ರಲ್ಲಿ ಮ್ಯಾಂಚೆಸ್ಟರ್ ಪ್ರಾಂತದಲ್ಲಿ ಬೀರ್ ಕುಡಿದ ಸಾವಿರಾರು ಜನರಿಗೆ ಆರ್ಸೆನಿಕ್ ವಿಷವೇರಿತು. ಬೀರಿಗೆ ಹಾಕಿದ ಸಕ್ಕರೆಯನ್ನು ತಯಾರಿಸಲು ಬಳಸಿದ್ದ ಗಂಧಕಾಮ್ಲದಲ್ಲಿ ಆರ್ಸೆನಿಕ್ ಇದ್ದದ್ದೇ ಅದಕ್ಕೆ ಕಾರಣವಾಗಿತ್ತು. ಆ ವಿಷಯವಾಗಿ ನೇಮಕವಾದ ಮಂಡಲಿಯವರು ಘನವಾದ ಆಹಾರದ ಪೌಂಡಿಗೆ ಒಂದು ಗ್ರೇನಿನ ನೂರರಲ್ಲೊಂದು ಪಾಲನ್ನು, ಎಂದರೆ ಕಿಲೋಗ್ರಾಮಿಗೆ ಸುಮಾರು 1.4 ಮಿಲಿಗ್ರಾಮನ್ನು ಮಿತಿಯಾಗಿ ಸೂಚಿಸಿದರು. ಹೊರಗಿನಿಂದ ಬೆರೆತ ವಿಷವೆಲ್ಲ ನಿರವಯವವೇ ಆಗಿರುತ್ತಿದ್ದುದರಿಂದ ಒಟ್ಟು ಮೊತ್ತದ ಮೇಲೆ ಮಿತಿಯನ್ನಿಡುವುದು ಆಗ ನ್ಯಾಯವಾಗಿಯೇ ಇತ್ತು.

1926ರಲ್ಲಿ ಚಾಪ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಸಿಗಡಿ ಮತ್ತು ಕಡಲಚಿಪ್ಪುಗಳನ್ನು ಪರೀಕ್ಷಿಸಲಾಗಿ ಅವುಗಳಲ್ಲಿನ ಆರ್ಸೆನಿಕ್ ಆ ಮಿತಿಯನ್ನು ಬಹಳವಾಗಿ ಮೀರಿತ್ತು. ತಲೆತಲಾಂತರದಿಂದ ಅವನ್ನು ತಿನ್ನುತ್ತಿದ್ದವರಿಗೆ ಏನೂ ಆಗಿರಲಿಲ್ಲ. 1935ರಲ್ಲಿ ಅಮೇರಿಕದಲ್ಲಿ ಇಲಿಗಳಿಗೆ ಸಿಗಡಿಯ ಆರ್ಸೆನಿಕ್ಕನ್ನೂ ಬಿಳಿಯ ಪಾಷಾಣವನ್ನೂ ಬೇರೆಬೇರೆಯಾಗಿ ತಿನ್ನಿಸಿ ನೋಡಿದಾಗ, ಪಾಷಾಣವು ದೇಹದಲ್ಲಿ ನಿಂತಿತೆಂದೂ ಸಿಗಡಿಯದು ನಿಲ್ಲದೆ ಹೊರಬಿದ್ದಿತೆಂದೂ ತಿಳಿಯಿತು. ಆದರೆ ಆ ಸಿಗಡಿಯ ಪದಾರ್ಥವು ಯಾವುದೆಂದು ಗೊತ್ತಾಗಲು ಮತ್ತೆ ನಲವತ್ತೆರಡು ವರ್ಷಗಳೇ ಹಿಡಿದವು. 1977ರಲ್ಲಿ ಆಸ್ಟ್ರೇಲಿಯದ ಪಶ್ಚಿಮ ಕರಾವಳಿಯ ಕಲ್ಲುಸಿಗಡಿಯಿಂದ ಎಡ್ಮಂಡ್ಸ್, ಫ್ರಾಂಚೆಸ್ಕೋನಿ ಮೊದಲಾದವರು ಅದನ್ನು ಬೇರ್ಪಡಿಸಿ ಆರ್ಸೆನೊಬೀಟೇನ್ ಎಂದು ನಿಶ್ಚಯಿಸಿದರು.

ಈಗಿನ ಕ್ರಮ.— ರೂಪಗಳನ್ನು ಬೇರೆಬೇರೆಯಾಗಿ ಅಳೆಯಬೇಕಾದರೆ ಮೊದಲನೆಯ ನಿಯಮವೆಂದರೆ ಪದಾರ್ಥವನ್ನು ಕುದಿಸಿ ಸುಟ್ಟು ಬೂದಿಮಾಡಕೂಡದು. ಹಾಗೆ ಮಾಡಿದರೆ ಎಲ್ಲಾ ರೂಪಗಳೂ ಒಡೆದು ಒಂದಾಗುತ್ತವೆ. ಒಟ್ಟು ಮೊತ್ತ ಬೇಕಾದಾಗ ಮಾತ್ರ ತೀಕ್ಷ್ಣವಾದ ಆಮ್ಲದಲ್ಲಿ ಹೆಚ್ಚಿನ ಕಾವಿನಲ್ಲಿ ಪೂರ್ತಿಯಾಗಿ ಕರಗಿಸುತ್ತಾರೆ. ಆರ್ಸೆನೊಬೀಟೇನ್ ಎಷ್ಟು ಗಟ್ಟಿಯಾದ ಪದಾರ್ಥವೆಂದರೆ ಸಾಮಾನ್ಯ ಆಮ್ಲದ ಕುದಿತಕ್ಕೆ ಒಡೆಯುವುದಿಲ್ಲ. ಅದು ಒಡೆಯದಿದ್ದರೆ ಮಾರ್ಷರ ಪರೀಕ್ಷೆಯಂತೆ ಅನಿಲವನ್ನು ಹೊರಡಿಸಿ ಅಳೆಯುವ ಕ್ರಮಗಳಿಗೆ ಅದು ಕಾಣಿಸಿಕೊಳ್ಳುವುದೂ ಇಲ್ಲ. ಒಂದೇ ಮೀನಿಗೆ ಎರಡು ಪ್ರಯೋಗಶಾಲೆಗಳು ಬೇರೆಬೇರೆ ಅಂಕಿಗಳನ್ನು ಕೊಟ್ಟದ್ದಕ್ಕೆ ಕೆಲವು ವೇಳೆ ಇದೇ ಕಾರಣ.

ಯುರೋಪಿನಲ್ಲಿ 2016ರಲ್ಲಿ ಇ.ಎನ್. 16802 ಎಂಬ ಸಂಖ್ಯೆಯಿಂದ ಗೊತ್ತುಮಾಡಿದ ಕ್ರಮವು ಹೀಗಿದೆ. ಒಣಗಿಸಿ ನುಣ್ಣಗೆ ಪುಡಿಮಾಡಿದ ಮೀನು ಅಥವಾ ಅಕ್ಕಿಯ ಸ್ವಲ್ಪಭಾಗವನ್ನು ತೆಳುವಾದ ನೈಟ್ರಿಕ್ ಆಮ್ಲ ಮತ್ತು ಹೈಡ್ರೊಜನ್ ಪೆರಾಕ್ಸೈಡುಗಳಲ್ಲಿ ಹಾಕಿ, ಸುಮಾರು 90 ಡಿಗ್ರಿ ಸೆಂಟಿಗ್ರೇಡಿನ ಬಿಸಿನೀರಿನ ತೊಟ್ಟಿಯಲ್ಲಿ ಒಂದು ಗಂಟೆ ಇಡುತ್ತಾರೆ. ಇಷ್ಟು ಕಾವಿಗೆ ಆರ್ಸೆನಿಕ್ ಪದಾರ್ಥಗಳು ಕರಗಿ ಹೊರಬರುತ್ತವೆಯೇ ಹೊರತು ಸಾವಯವ ರೂಪಗಳು ಒಡೆದು ನಿರವಯವವಾಗುವುದಿಲ್ಲ. ಪೆರಾಕ್ಸೈಡು ಆರ್ಸೆನೈಟನ್ನೆಲ್ಲ ಆರ್ಸೆನೇಟಾಗಿ ಮಾರ್ಪಡಿಸುತ್ತದೆ. ತರುವಾಯ ಶೋಧಿಸಿದ ದ್ರವವನ್ನು ಬಲವಾದ ಒತ್ತಡದಿಂದ ಒಂದು ಸಣ್ಣ ನಳಿಗೆಯೊಳಗೆ ಹಾಯಿಸುತ್ತಾರೆ. ನಳಿಗೆಯಲ್ಲಿ ತುಂಬಿದ ಹರಳುಗಳ ಮೇಲೆ ಧನವಿದ್ಯುತ್ತಿನ ಅಂಶವಿರುತ್ತದೆ.

ಆ ನಳಿಗೆಯಲ್ಲಿ ನಡೆಯುವುದನ್ನು ಸಂತೆಯ ಬೀದಿಯಿಂದ ತಿಳಿಯಬಹುದು. ನಾಲ್ವರು ಒಂದೇ ಗಳಿಗೆಯಲ್ಲಿ ಸಂತೆಯ ಈ ತುದಿಯಿಂದ ಹೊರಟರೆ, ಯಾವ ಅಂಗಡಿಯಲ್ಲಿಯೂ ವ್ಯವಹಾರವಿಲ್ಲದವನು ಎಲ್ಲರಿಗಿಂತ ಮೊದಲು ಆ ತುದಿಗೆ ಹೋಗುತ್ತಾನೆ. ಅಂಗಡಿಗೊಮ್ಮೆ ನಿಂತು ಚೌಕಾಶಿ ಮಾಡುವವನು ಕಡೆಗೆ ಬರುತ್ತಾನೆ. ಆರ್ಸೆನೊಬೀಟೇನಿಗೆ ಹರಳುಗಳೊಡನೆ ವ್ಯವಹಾರವಿಲ್ಲ; ಅದು ಮೊದಲೇ ಹೊರಬೀಳುತ್ತದೆ. ಋಣವಿದ್ಯುತ್ತನ್ನು ಹೊತ್ತ ಆರ್ಸೆನೇಟ್ ತಡೆತಡೆದು ಬಹಳ ಹಿಂದಿನಿಂದ ಬರುತ್ತದೆ. ಆರ್ಸೆನೈಟನ್ನು ಮೊದಲೇ ಮಾರ್ಪಡಿಸಿದ್ದೇಕೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ: ಹಾಗೆಯೇ ಬಿಟ್ಟಿದ್ದರೆ ಅದೂ ವ್ಯವಹಾರವಿಲ್ಲದವನಾಗಿ ಆರ್ಸೆನೊಬೀಟೇನಿನ ಬೆನ್ನಿಗೇ ಬಂದು, ಅತಿ ಸೌಮ್ಯವಾದದ್ದೂ ಅತಿ ವಿಷವಾದದ್ದೂ ಒಂದರಲ್ಲೊಂದು ಬೆರೆತುಹೋಗುತ್ತಿದ್ದವು.

ನಳಿಗೆಯಿಂದ ಹೊರಬಿದ್ದ ದ್ರವವು ಆರ್ಗಾನ್ ಅನಿಲದ ಉರಿಯೊಳಗೆ ಹೋಗುತ್ತದೆ. ವಿದ್ಯುಚ್ಛಕ್ತಿಯಿಂದ ಹೊತ್ತಿಸಿದ ಆ ಉರಿಯು ಹಲವು ಸಾವಿರ ಡಿಗ್ರಿಗಳ ಕಾವುಳ್ಳದ್ದು. ಅಲ್ಲಿ ಎಲ್ಲವೂ ಬಿಡಿಕಣಗಳಾಗಿ ಒಡೆದು, ಕಣಗಳ ತೂಕವನ್ನು ನೋಡಿ ಎಣಿಸುವ ಯಂತ್ರಕ್ಕೆ ಸಾಗುತ್ತವೆ. ಆರ್ಸೆನಿಕ್ಕಿನ ಕಣದ ತೂಕ 75. ಸಮುದ್ರದ ಪದಾರ್ಥಗಳಲ್ಲಿ ಇಲ್ಲೊಂದು ತೊಡಕುಂಟು. ಮೀನಿನ ಉಪ್ಪಿನಲ್ಲಿರುವ ಕ್ಲೋರಿನ್ನಿನ ತೂಕ 35, ಉರಿಯ ಆರ್ಗಾನಿನದು 40. ಇವೆರಡೂ ಅಂಟಿಕೊಂಡರೆ ತೂಕವು 75 ಆಗಿ, ಯಂತ್ರವು ಉಪ್ಪನ್ನೇ ಆರ್ಸೆನಿಕ್ ಎಂದು ಎಣಿಸಿಬಿಡುವುದು. ಹೀಲಿಯಂ ಅನಿಲವನ್ನು ದಾರಿಯಲ್ಲಿ ತುಂಬಿ ಈ ಜೋಡಿಕಣಗಳನ್ನು ತಡೆಯುತ್ತಾರೆ. ಒಣಮೀನಿನ ಅಥವಾ ಉಪ್ಪುಮೀನಿನ ವರದಿಯನ್ನು ನೋಡುವಾಗ ಈ ಎಚ್ಚರಿಕೆಯನ್ನು ಪ್ರಯೋಗಶಾಲೆಯವರು ವಹಿಸಿದ್ದಾರೆಯೇ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಅಳತೆಯು ಸರಿಯೇ ಎಂದು ತಿಳಿಯಲು ಮೊದಲೇ ಅಂಕಿಯು ಗೊತ್ತಿರುವ ಪುಡಿಗಳನ್ನು ಜೊತೆಯಲ್ಲಿ ಪರೀಕ್ಷಿಸುವುದುಂಟು. ಅಂಗಡಿಯ ತಕ್ಕಡಿಯನ್ನು ಮುದ್ರೆಯ ಬಟ್ಟಿನಿಂದ ನೋಡಿದಂತೆ. ಕೆನಡಾ ದೇಶದ ರಾಷ್ಟ್ರೀಯ ಸಂಶೋಧನ ಮಂಡಲಿಯವರು ಹಿಂದೆ ಹೊರಡಿಸಿದ್ದ ಶಾರ್ಕ್ ಜಾತಿಯ ಸಣ್ಣ ಮೀನಿನ ಪುಡಿಯಲ್ಲಿ ಕಿಲೋಗ್ರಾಮಿಗೆ 18.0 ಮಿಲಿಗ್ರಾಂ ಒಟ್ಟು ಆರ್ಸೆನಿಕ್ ಇತ್ತು, ಅದರಲ್ಲಿ 16.4 ಮಿಲಿಗ್ರಾಂ ಆರ್ಸೆನೊಬೀಟೇನ್ ರೂಪದ್ದು. ಅಮೇರಿಕ ಸರ್ಕಾರದ ಅಕ್ಕಿಹಿಟ್ಟಿನ ಮಾದರಿಯೊಂದರಲ್ಲಿ ಒಟ್ಟು 0.285 ಮಿಲಿಗ್ರಾಮಿಗೆ ನಿರವಯವವು 0.092. ಮೀನು, ಅಕ್ಕಿಗಳ ಸ್ವಭಾವವು ಈ ನಾಲ್ಕು ಅಂಕಿಗಳಲ್ಲಿಯೇ ಬಹುಮಟ್ಟಿಗೆ ಕಾಣುತ್ತದೆ.

ಮಿತಿಗಳು.— ಬಿಳಿಯಾಗಿ ಪಾಲಿಷ್ ಮಾಡಿದ ಅಕ್ಕಿಗೆ ಕಿಲೋಗ್ರಾಮಿಗೆ 0.2 ಮಿಲಿಗ್ರಾಂ ನಿರವಯವ ಆರ್ಸೆನಿಕ್ ಎಂದು ಅಂತರರಾಷ್ಟ್ರೀಯ ಆಹಾರಸಂಹಿತೆಯ ಮಂಡಲಿಯವರು 2014ರಲ್ಲಿಯೂ, ಉಮಿಯನ್ನು ಮಾತ್ರ ತೆಗೆದ ಅಕ್ಕಿಗೆ 0.35 ಎಂದು 2016ರಲ್ಲಿಯೂ ಗೊತ್ತುಮಾಡಿದರು. ಆರ್ಸೆನಿಕ್ ತವುಡಿನಲ್ಲಿ ಹೆಚ್ಚಾಗಿ ಸೇರಿರುವುದರಿಂದ ಈ ಭೇದ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನವರು ಮೀನು, ಸಿಗಡಿ, ಏಡಿಗಳಿಗೆ 2 ಮಿಲಿಗ್ರಾಂ, ಚಿಪ್ಪುಜೀವಿ ಮತ್ತು ಕಡಲಪಾಚಿಗಳಿಗೆ 1 ಮಿಲಿಗ್ರಾಂ ಎಂದು ನಿಯಮಿಸಿರುವುದೂ ನಿರವಯವ ಆರ್ಸೆನಿಕ್ಕನ್ನೇ ಕುರಿತು. ವಾರಕ್ಕೆ ಇಷ್ಟರವರೆಗೆ ಸೇರಿದರೆ ಬಾಧಕವಿಲ್ಲವೆಂದು ಹಿಂದೆ ಹೇಳುತ್ತಿದ್ದ ಮಿತಿಯನ್ನು ವಿಶ್ವಸಂಸ್ಥೆಯ ತಜ್ಞಮಂಡಲಿಯವರು 2011ರಲ್ಲಿ ಪ್ರಕಟಿಸಿದ ತೀರ್ಮಾನದಂತೆ ಹಿಂದಕ್ಕೆ ತೆಗೆದುಕೊಂಡರು. 2024ರಲ್ಲಿ ಯುರೋಪಿನ ಆಹಾರಸುರಕ್ಷಾ ಮಂಡಲಿಯವರು ದೇಹತೂಕದ ಕಿಲೋಗ್ರಾಮಿಗೆ ದಿನಕ್ಕೆ 0.06 ಮೈಕ್ರೋಗ್ರಾಮಿನಷ್ಟು ಅಲ್ಪವಾದ ಪ್ರಮಾಣವನ್ನು ಹೋಲಿಕೆಯ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಅಕ್ಕಿಯನ್ನುಣ್ಣುವ ಯಾವ ದೇಶದವರೂ ಅದಕ್ಕಿಂತ ಕೆಳಗಿರುವುದು ಕಷ್ಟ. ಆದಕಾರಣ ತಗ್ಗಿಸಬಹುದಾದಷ್ಟನ್ನು ತಗ್ಗಿಸುವುದು ಒಂದೇ ಈಗಿನ ವ್ಯವಹಾರಸಾಧ್ಯವಾದ ಮಾರ್ಗ.

ಈ ಸಂಬಂಧದಲ್ಲಿ ಕುಂದಾಪುರದ ಸೀಮೆಯ ಅಡಿಗೆಯ ಪದ್ಧತಿಯು ಗಮನಿಸತಕ್ಕದ್ದಾಗಿದೆ. ಕುಚ್ಚಲಕ್ಕಿಯನ್ನು ತೊಳೆದು ಬಹಳ ನೀರಿನಲ್ಲಿ ಬೇಯಿಸಿ ತಿಳಿಯನ್ನು ಬಸಿಯುವುದು ಇಲ್ಲಿನ ರೂಢಿ. ಇದೇ ತೆರನಾಗಿ ಅಕ್ಕಿಯನ್ನು ತೊಳೆದು, ಆರುಪಾಲು ಶುದ್ಧವಾದ ನೀರಿನಲ್ಲಿ ಬೇಯಿಸಿ ಗಂಜಿಯನ್ನು ಬಸಿದರೆ ಆರ್ಸೆನಿಕ್ಕಿನ ನೂರರಲ್ಲಿ 57 ಪಾಲಿನವರೆಗೆ ಹೊರಟುಹೋಗುತ್ತದೆಂದು 2006ರಲ್ಲಿ ಪ್ರಕಟವಾದ ಬಂಗಾಳದ ಪರೀಕ್ಷೆಯೊಂದು ತೋರಿಸಿತು. ಪ್ರೆಶರ್ ಕುಕ್ಕರಿನಲ್ಲಿ ಅಳತೆಯ ನೀರಿಟ್ಟು ಇಂಗಿಸುವವರಿಗೆ ಈ ಲಾಭವಿಲ್ಲ. ಅನ್ನದೊಡನೆ ತಿಳಿಯನ್ನೂ ಗಂಜಿಯಾಗಿ ಉಣ್ಣುವವರಿಗೂ ಇಲ್ಲ. ಆದರೆ ಅದಕ್ಕಾಗಿ ಗಂಜಿಯನ್ನು ಬಿಡಬೇಕೆಂಬ ಅರ್ಥವಲ್ಲ. ಊರಿನ ಅಕ್ಕಿಯಲ್ಲಿ ನಿರವಯವ ಅಂಶವು ಹೆಚ್ಚೆಂದು ಪರೀಕ್ಷೆಯಿಂದ ಗೊತ್ತಾದಲ್ಲಿ ಮಾತ್ರ ಈ ಮಾತು ಅನ್ವಯಿಸುತ್ತದೆ. ಹಾಗೆಯೇ, ನಡುನಡುವೆ ಗದ್ದೆಯ ನೀರನ್ನು ಬಿಟ್ಟು ಮಣ್ಣನ್ನು ಒಣಗಿಸಿದರೆ ಆರ್ಸೆನಿಕ್ ಕಡಿಮೆಯಾಗುವುದುಂಟು. ಆದರೆ ಕಾರ್ತಿ ಬೆಳೆಯ ಮಳೆಯಲ್ಲಿ ಬೈಲುಗದ್ದೆಯನ್ನು ಒಣಗಿಸುವ ಮಾತೇ ಇಲ್ಲ. ಸುಗ್ಗಿ, ಕೊಳಕೆಗಳಲ್ಲಿ ಸಾಧ್ಯವಾದರೂ ಒಣಗಿದ ಮಣ್ಣಿನಿಂದ ಕ್ಯಾಡ್ಮಿಯಂ ಎಂಬ ಇನ್ನೊಂದು ಲೋಹವು ಕಾಳಿಗೆ ಹೆಚ್ಚಾಗಿ ಏರುವುದು. ಮಣ್ಣಿನ ಪರೀಕ್ಷೆಯಿಲ್ಲದೆ ಇದನ್ನು ಕೈಕೊಳ್ಳಕೂಡದು.

ಬಾವಿಯ ನೀರು.— ನೀರಿನಲ್ಲಿರುವ ಆರ್ಸೆನಿಕ್ ಬಹುತೇಕ ಪೂರ್ತಿಯಾಗಿ ನಿರವಯವವಾದದ್ದೇ. ಆದ್ದರಿಂದ ನೀರಿನ ವಿಷಯದಲ್ಲಿ ಒಟ್ಟು ಮೊತ್ತವೊಂದನ್ನು ಅಳೆದರೂ ಸಾಕು. ಲೀಟರಿಗೆ 10 ಮೈಕ್ರೋಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯವರ ಮಿತಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದೂ ಇಲ್ಲ. 1983ರಲ್ಲಿ ಕಲ್ಕತ್ತೆಯ ಚರ್ಮವೈದ್ಯರಾದ ಕೆ. ಸಿ. ಸಾಹಾ ಅವರು ಪಶ್ಚಿಮ ಬಂಗಾಳದ ಕೊಳವೆಬಾವಿಗಳ ನೀರಿನಿಂದಾದ ಈ ರೋಗವನ್ನು ಗುರುತಿಸಿದರು. ಕರ್ನಾಟಕದಲ್ಲಿಯೂ ಇದು ಇಲ್ಲದಿಲ್ಲ. ಯಾದಗಿರಿ ಜಿಲ್ಲೆಯ ಸುರಪುರದ ಕಡೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್ಕಿನಿಂದ ಅನೇಕರಿಗೆ ಚರ್ಮರೋಗ ಹಿಡಿದುದು 2013ರಲ್ಲಿ ಪ್ರಕಟವಾದ ಪರಿಶೋಧನೆಯಿಂದ ವಿಶದವಾಯಿತು. ಅಲ್ಲಿ ಹಿಂದೆ ಚಿನ್ನದ ಗಣಿಯಿದ್ದ ಮಂಗಳೂರು ಎಂಬ ಗ್ರಾಮದ ಹೆಸರಿನ ಕಲ್ಲಿನ ಪಟ್ಟಿಯು ಹಾದಿದೆ. ಕರಾವಳಿಯ ಮಂಗಳೂರಿಗೂ ಅದಕ್ಕೂ ಸಂಬಂಧವಿಲ್ಲ. ಚಿನ್ನದ ಅದಿರಿನ ಜೊತೆಯಲ್ಲಿ ಆರ್ಸೆನಿಕ್ ಇರುವುದು ಸಾಮಾನ್ಯ. ಅಂಗೈ ಅಂಗಾಲುಗಳಲ್ಲಿ ಗಂಟುಗಂಟಾಗಿ ಚರ್ಮವು ದಪ್ಪವಾಗುವುದು, ಎದೆ ಬೆನ್ನುಗಳಲ್ಲಿ ಮಳೆಹನಿ ಬಿದ್ದಂತೆ ಕಪ್ಪು ಬಿಳುಪು ಚುಕ್ಕೆಗಳೇಳುವುದು ಈ ರೋಗದ ಚಿಹ್ನೆಗಳು. ಒಂದೇ ಬಾವಿಯ ನೀರನ್ನು ಕುಡಿಯುವ ಹಲವರಲ್ಲಿ ಇವು ಕಂಡರೆ ಮೀನನ್ನು ದೂರದೆ ನೀರನ್ನು ಪರೀಕ್ಷೆಗೆ ಕಳುಹಿಸತಕ್ಕದ್ದು.

ಕಡಲಪಾಚಿ, ಚಿಪ್ಪು, ಮೀನುಗೊಬ್ಬರ.— ಸಮುದ್ರದ ಪದಾರ್ಥಗಳಲ್ಲಿಯೂ ಅಪವಾದಗಳುಂಟು. ಜಪಾನಿನವರು ತಿನ್ನುವ ಹಿಜಿಕಿ ಎಂಬ ಕಂದುಬಣ್ಣದ ಪಾಚಿಯಲ್ಲಿ ಆರ್ಸೆನಿಕ್ ಬಹಳವಾಗಿದ್ದು ಹೆಚ್ಚುಭಾಗವು ನಿರವಯವವೇ ಆಗಿದೆ. ಅದನ್ನು ತಿನ್ನಬಾರದೆಂದು ಬ್ರಿಟನ್ನಿನ ಆಹಾರ ಇಲಾಖೆಯವರು 2004ರಲ್ಲಿ ಜನರಿಗೆ ತಿಳಿಸಿದರು. ಹಿಜಿಕಿಯು ಸರ್ಗಾಸಂ ಎಂಬ ಕುಲಕ್ಕೆ ಸೇರಿದ್ದು. ಆ ಕುಲದ ಬೇರೆ ಜಾತಿಗಳು ಕರ್ನಾಟಕದ ಕಡಲಬಂಡೆಗಳ ಮೇಲೆಯೂ ಬೆಳೆಯುತ್ತವೆ. ಪಾಚಿಯನ್ನು ದನಗಳ ಮೇವಿಗೋ ಆಹಾರಕ್ಕೋ ಬಳಸಬೇಕೆನ್ನುವವರು ಮೊದಲು ನಿರವಯವ ಅಂಶವನ್ನು ಅಳೆಯಿಸಬೇಕು. ನಾರ್ವೆ ದೇಶದ ಕೆಲವು ಕಡಲಕವಲುಗಳ ನೀಲಿಚಿಪ್ಪುಗಳಲ್ಲಿ ಕಿಲೋಗ್ರಾಮಿಗೆ 5 ಮಿಲಿಗ್ರಾಮಿಗಿಂತಲೂ ಹೆಚ್ಚಾದ ನಿರವಯವ ಆರ್ಸೆನಿಕ್ ಸಿಕ್ಕಿತೆಂದು 2008ರಲ್ಲಿ ವರದಿಯಾಯಿತು. ಗಂಗೊಳ್ಳಿಯ ಅಳಿವೆಯಲ್ಲಿಯೂ ಸೀತಾನದಿಯ ಬಾಯಿಯಲ್ಲಿಯೂ ಹೆಕ್ಕುವ ಮಳಿ ಮೊದಲಾದ ಚಿಪ್ಪುಗಳನ್ನು ಮಾರಾಟಕ್ಕೆ ಕಳುಹಿಸುವವರು, ‘ಕಡಲಿನದೆಲ್ಲ ಸೌಮ್ಯ’ವೆಂಬ ಸಾಮಾನ್ಯ ವಿಧಿಯನ್ನು ನಂಬದೆ ಪರೀಕ್ಷೆ ಮಾಡಿಸುವುದು ಮೇಲು.

ಮೀನುಹಿಟ್ಟಿನ ವ್ಯಾಪಾರದಲ್ಲಿ ಈ ಭೇದಕ್ಕೆ ಹಣದ ಬೆಲೆಯೇ ಇದೆ. ಯುರೋಪಿನ ಪಶು ಆಹಾರದ ನಿಯಮದಂತೆ ಮೀನಿನ ಪದಾರ್ಥಗಳಲ್ಲಿ ಒಟ್ಟು ಆರ್ಸೆನಿಕ್ ಕಿಲೋಗ್ರಾಮಿಗೆ 25 ಮಿಲಿಗ್ರಾಮಿನವರೆಗೆ ಇರಬಹುದು. ಆದರೆ ಅಧಿಕಾರಿಗಳು ಕೇಳಿದಾಗ ನಿರವಯವ ಅಂಶವು 2 ಮಿಲಿಗ್ರಾಮಿಗಿಂತ ಕಡಿಮೆಯೆಂದು ತೋರಿಸಿಕೊಡಬೇಕು. ತೆಂಗಿನ ಬುಡಕ್ಕೆ ಹಾಕುವ ಮೀನುಗೊಬ್ಬರದ ವಿಷಯದಲ್ಲಿ ಇಷ್ಟು ಆತಂಕ ಬೇಡ. ಗೊಬ್ಬರದಲ್ಲಿನ ಆರ್ಸೆನೊಬೀಟೇನನ್ನು ಮಣ್ಣಿನ ಸೂಕ್ಷ್ಮಜೀವಿಗಳು ಕ್ರಮೇಣ ಒಡೆದು ಕೊನೆಗೆ ನಿರವಯವವಾಗಿ ಮಾಡುವುದು ನಿಜವೇ. ಆದರೂ ಕಿಲೋಗ್ರಾಮಿಗೆ 10 ಮಿಲಿಗ್ರಾಮಿರುವ ಗೊಬ್ಬರವನ್ನು ಮರವೊಂದಕ್ಕೆ 5 ಕಿಲೋಗ್ರಾಂ ಹಾಕಿದರೆ ಸೇರುವುದು 50 ಮಿಲಿಗ್ರಾಂ. ಬುಡದ ಸುತ್ತ ಎರಡು ಮೀಟರು ದೂರ, ಒಂದಡಿ ಆಳದವರೆಗಿನ ಮಣ್ಣು ಸುಮಾರು ಐದು ಟನ್ನು; ಸಾಧಾರಣವಾದ ಮಣ್ಣಿನಲ್ಲಿ ಕಿಲೋಗ್ರಾಮಿಗೆ 5 ಮಿಲಿಗ್ರಾಂ ಆರ್ಸೆನಿಕ್ ಮೊದಲೇ ಇರುವುದರಿಂದ ಅಷ್ಟು ಮಣ್ಣಿನಲ್ಲಿ 25,000 ಮಿಲಿಗ್ರಾಂ ಇದ್ದೇ ಇದೆ. ಹೊಸದಾಗಿ ಸೇರಿದ್ದು ಅದರ ಐನೂರರಲ್ಲೊಂದು ಪಾಲು.

ಪರೀಕ್ಷೆಗೆ ಕಳುಹಿಸುವವರು ತಿಳಿದಿರತಕ್ಕ ಸಂಗತಿಗಳು.— ಅಕ್ಕಿಯಾದರೆ ಒಂದೇ ಮುಡಿಯಿಂದ ತೆಗೆಯದೆ ಹಲವು ಮುಡಿಗಳ ನಡುಭಾಗದಿಂದ ತೆಗೆದು ಬೆರೆಸಿ, ಯಾವ ಗದ್ದೆಯದು, ಯಾವ ಬೆಳೆಯದು, ತವುಡು ಎಷ್ಟು ತೆಗೆದದ್ದು ಎಂಬುದನ್ನು ಬರೆದಿಡಬೇಕು. ಮೀನು, ಸಿಗಡಿಗಳನ್ನು ಹಿಡಿದೊಡನೆ ಮಂಜಿನಲ್ಲಿಟ್ಟು ಕೊಳೆಯದಂತೆ ಸಾಗಿಸಬೇಕು; ಕೊಳೆತರೆ ರೂಪಗಳು ಬದಲಾಗುವ ಸಂಭವವುಂಟು. ಅರ್ಜಿಯಲ್ಲಿ ‘ಆರ್ಸೆನಿಕ್ ಪರೀಕ್ಷೆ’ ಎಂದಷ್ಟೇ ಬರೆದರೆ ಒಟ್ಟು ಮೊತ್ತದ ಅಂಕಿಯೇ ಬರುವುದು. ‘ಒಟ್ಟು ಆರ್ಸೆನಿಕ್ ಮತ್ತು ನಿರವಯವ ಆರ್ಸೆನಿಕ್’ ಎಂದು ಸ್ಪಷ್ಟವಾಗಿ ಬರೆಯಬೇಕು. ಆ ಪ್ರಯೋಗಶಾಲೆಗೆ ಎರಡನೆಯದರಲ್ಲಿಯೂ ಮಾನ್ಯತೆಯಿದೆಯೇ ಎಂದು ಮೊದಲೇ ವಿಚಾರಿಸಬೇಕು. ಎರಡನೆಯ ಪರೀಕ್ಷೆಗೆ ವೆಚ್ಚವು ಹೆಚ್ಚು. ಆದಕಾರಣ ಮೊದಲು ಒಟ್ಟು ಮೊತ್ತವನ್ನು ಅಳೆಯಿಸಿ, ಅದೇ ನಿರವಯವದ ಮಿತಿಗಿಂತ ಕಡಿಮೆಯಾಗಿದ್ದರೆ ಅಲ್ಲಿಗೆ ನಿಲ್ಲಿಸಬಹುದು. ಮೊತ್ತಕ್ಕಿಂತ ಅದರ ಭಾಗವು ದೊಡ್ಡದಾಗಲಾರದಷ್ಟೆ.

ಮನುಷ್ಯರ ಪರೀಕ್ಷೆಯಲ್ಲಿಯೂ ಇದೇ ತೊಡಕು ಬರುತ್ತದೆ. ಬಾವಿಯ ನೀರಿನಿಂದ ವಿಷವೇರಿದೆಯೆಂದು ಶಂಕಿಸಿ ಮೂತ್ರವನ್ನು ಪರೀಕ್ಷೆಗೆ ಕೊಡುವವನು ಹಿಂದಿನ ದಿನ ಏಡಿಯ ಸಾರನ್ನುಂಡಿದ್ದರೆ ಅಂಕಿಯು ಹಲವು ಮಡಿ ಏರಿ, ಇಲ್ಲದ ರೋಗವು ಇದೆಯೆಂದು ಕಾಣಬಹುದು. ಕಡಲತೀರದ ಊರುಗಳಲ್ಲಿ ಇದು ಪದೇ ಪದೇ ಆಗತಕ್ಕ ತಪ್ಪು. ಅಂಥವರು ಪರೀಕ್ಷೆಗೆ ಮೊದಲು ನಾಲ್ಕು ದಿನಗಳ ಕಾಲ ಮೀನು, ಸಿಗಡಿ, ಏಡಿ, ಚಿಪ್ಪು, ಒಣಮೀನು ಇವು ಯಾವುದನ್ನೂ ಮುಟ್ಟದೆ, ಎಂದಿನಂತೆ ಅದೇ ಬಾವಿಯ ನೀರನ್ನು ಕುಡಿಯುತ್ತಿದ್ದು, ಐದನೆಯ ದಿನ ಬೆಳಿಗ್ಗೆ ಮೂತ್ರವನ್ನು ಕೊಡತಕ್ಕದ್ದು. ಬಾವಿಯ ನೀರಿನ ಒಂದು ಸೀಸೆಯನ್ನೂ ಅದರೊಡನೆಯೇ ಕಳುಹಿಸಬೇಕು.